ಗಾಳಿಗೆ ಬಿದ್ದ ಮರ ಎಣಿಸಿ, ಎಕರೆ ಎಣಿಸಬೇಡಿ

ಮಾನ್ಯ ಸಂಪಾದಕರೇ,

ಕೃತ್ತಿಕೆ ಮಳೆ ಹುಟ್ಟಿ ಮೂರನೇ ದಿನ, ಸಂಜೆ ನಾಲ್ಕೂವರೆ. ತೀರ್ಥಹಳ್ಳಿ ತಾಲ್ಲೂಕಿನ ಮಂಡಗದ್ದೆ ಹೋಬಳಿಯಲ್ಲಿ, ತುಂಗಾ ಹೊಳೆಯಿಂದ ಸ್ವಲ್ಪ ಒಳಗೆ ನಮ್ಮ ಮನೆ. ಅಂಗಳದಲ್ಲಿ ಹರವಿದ್ದ ಹಲಸಿನ ಹಪ್ಪಳ ಒಳಗೆ ತರುವಷ್ಟರಲ್ಲಿ ತೋಟದ ಕಡೆಯಿಂದ ಒಂದು ಸದ್ದು ಶುರುವಾಯಿತು. ಗುಡುಗು ಅಂದುಕೊಂಡೆ. ಗುಡುಗು ನಿಲ್ಲುತ್ತದೆ, ಇದು ನಿಲ್ಲಲಿಲ್ಲ. ಏಳೆಂಟು ನಿಮಿಷ ಇದ್ದಿರಬಹುದು. ಆಮೇಲೆ ಮಳೆ ಹೊಯ್ಯಿತು. ಮಳೆ ಬಿಟ್ಟ ಮೇಲೆ ತೋಟಕ್ಕೆ ಇಳಿದರೆ ಅಲ್ಲಿ ಯಾವತ್ತೂ ಕಾಣದ ಬೆಳಕು. ಅಡಿಕೆ ತೋಟದ ನಡುವೆ ನಿಂತರೆ ಅಷ್ಟು ಆಕಾಶ ಕಾಣಬಾರದು.

ನನಗೆ ಈಗ ಅರವತ್ತೆರಡು. ನಾನು ಮದುವೆಯಾಗಿ ಬಂದ ವರ್ಷ ಮಾವನವರು ಹಾಕಿಸಿದ ಸಾಲುಗಳು ಅವು. ಅವುಗಳ ಜೊತೆಗೇ ನನಗೂ ವಯಸ್ಸಾಯಿತು. ಹಳೆಯ ಮರಗಳು ಮುಕ್ಕಾಲು ಎತ್ತರದಲ್ಲಿ ಮುರಿದಿದ್ದವು. ಮುರಿದ ಕಡೆ ನಾರು ಪೊರಕೆಯ ಹಾಗೆ ಕೆದರಿತ್ತು. ಎಳೆಯವು ಬೇರಿನ ಮುದ್ದೆ ಸಮೇತ ಮಗುಚಿದ್ದವು. ಕಾಳುಮೆಣಸಿನ ಬಳ್ಳಿ ಮರದ ಅಡಿಗೆ ಸಿಕ್ಕಿ ಜಜ್ಜಿಹೋಗಿತ್ತು. ಬಸಿಗಾಲುವೆ ಎಲ್ಲಿದೆ ಅಂತಲೇ ಗೊತ್ತಾಗುತ್ತಿರಲಿಲ್ಲ.

ಮಾರನೇ ಬೆಳಿಗ್ಗೆಯೇ ಆಳು ಕರೆಸಿ ಕಡಿಸಿ ಹಾಕೋಣ ಅಂದುಕೊಂಡಿದ್ದೆ. ಅಷ್ಟರಲ್ಲಿ ರಾತ್ರಿ ನನ್ನ ತಂಗಿಯ ಮಗ ಫೋನ್ ಮಾಡಿದ. "ದೊಡ್ಡಮ್ಮ, ಕಡಿಸೋ ಮೊದಲು ಫೋಟೊ ತೆಗಿ. ಒಂದೊಂದು ಮರ ಎಲ್ಲಿ ಮುರಿದಿದೆ, ಯಾವ ದಿಕ್ಕಿಗೆ ಬಿದ್ದಿದೆ, ಬರೆದಿಡು. ಎರಡು ದಿನ ಹೋದರೆ ಹೋಗಲಿ" ಅಂದ. ಅವನು ಹಾಗೆ ಹೇಳಲು ಕಾರಣ ಇದೆ. ಈ ಪತ್ರ ಬರೆಯಲೂ ಅದೇ ಕಾರಣ.

2011ರಲ್ಲಿ ಅವನು ಅಮೆರಿಕದ ಅಲಬಾಮಾ ರಾಜ್ಯದ ಟಸ್ಕಲೂಸಾ ಊರಿನಲ್ಲಿ ಓದುತ್ತಿದ್ದ. ಆ ವರ್ಷ ಏಪ್ರಿಲ್ 25ರಿಂದ 28ರವರೆಗೆ, ನಾಲ್ಕು ದಿನದಲ್ಲಿ, ಆ ದೇಶದಲ್ಲಿ ಸುಮಾರು 360 ಸುಂಟರಗಾಳಿಗಳು ಎದ್ದವು. ಸತ್ತವರು 300ಕ್ಕೂ ಹೆಚ್ಚು. 27ನೇ ತಾರೀಖು ಟಸ್ಕಲೂಸಾಕ್ಕೆ ಹೊಡೆದ ಒಂದೇ ಸುಂಟರಗಾಳಿ ಬರ್ಮಿಂಗ್‌ಹ್ಯಾಮ್ ಕಡೆಗೆ 130 ಕಿಲೋಮೀಟರ್ ಓಡಿ 64 ಜನರನ್ನು ಕೊಂದಿತು. ಅವರ ವಿಶ್ವವಿದ್ಯಾಲಯ ಪರೀಕ್ಷೆಗಳನ್ನೇ ಬಿಟ್ಟು ಆ ಅವಧಿ ಮುಗಿಸಿತು. ನನ್ನ ತಂಗಿ ಆ ರಾತ್ರಿ ಅವನ ಫೋನ್ ಸಿಗುವವರೆಗೆ ದೇವರ ಮುಂದಿನಿಂದ ಏಳಲೇ ಇಲ್ಲ. ಅದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಅವನಿಗೆ ಇವತ್ತಿಗೂ ಮನಸ್ಸಲ್ಲಿ ಉಳಿದಿರುವುದು ಆಮೇಲಿನ ದಿನಗಳು. ಹವಾಮಾನ ಇಲಾಖೆಯವರು ಮನೆ ಮನೆ ಮುಂದೆ ನಿಂತು ನೋಡುತ್ತಿದ್ದರಂತೆ. ಮನೆ ಹೋಗಿದೆಯೋ ಇಲ್ಲವೋ ಅಂತ ನೋಡಿ ಸುಮ್ಮನಾಗುತ್ತಿರಲಿಲ್ಲ. ಚಾವಣಿ ಮಾತ್ರ ಹಾರಿದೆಯೋ, ಗೋಡೆಯೂ ಬಿದ್ದಿದೆಯೋ? ಮರದ ಗೋಡೆಯನ್ನು ಪಾಯಕ್ಕೆ ಬೋಲ್ಟ್ ಹಾಕಿ ಕೂರಿಸಿದ್ದರೋ, ಬರೀ ಮೊಳೆ ಹೊಡೆದಿದ್ದರೋ? ಮರ ಬುಡ ಸಮೇತ ಬಿದ್ದಿದೆಯೋ, ನಡುವೆ ಮುರಿದಿದೆಯೋ? ಎಲ್ಲಾ ಬರೆದುಕೊಳ್ಳುತ್ತಿದ್ದರಂತೆ. ಯಾಕೆ ಅಂದರೆ ಸುಂಟರಗಾಳಿಯ ವೇಗವನ್ನು ಅಳೆಯುವ ಯಂತ್ರ ಅದರ ದಾರಿಯಲ್ಲಿ ಇರುವುದು ಅಪರೂಪ. ಇದ್ದರೂ ಅದೇ ಮುರಿದು ಹೋಗುತ್ತದೆ. ಹಾಗಾಗಿ ಹಾಳಾದದ್ದನ್ನು ನೋಡಿಯೇ ಗಾಳಿ ಎಷ್ಟಿತ್ತು ಅಂತ ಲೆಕ್ಕ ಹಾಕುತ್ತಾರೆ. 1971ರಲ್ಲಿ ಫುಜಿತಾ ಅನ್ನುವ ವಿಜ್ಞಾನಿ ಇದಕ್ಕೊಂದು ಅಳತೆ ಮಾಡಿದರು. ಅದನ್ನು ತಿದ್ದಿ 2007ರಿಂದ ಹೊಸ ಅಳತೆ ಬಳಸುತ್ತಿದ್ದಾರೆ. ಮನೆ, ಶಾಲೆ, ಕೊಟ್ಟಿಗೆ, ವಿದ್ಯುತ್ ಕಂಬ ಹೀಗೆ 28 ಬಗೆಯ ವಸ್ತುಗಳ ಪಟ್ಟಿ ಅದರಲ್ಲಿದೆ. ಕೊನೆಯ ಎರಡು ಮರಗಳದ್ದು. ಸಣ್ಣ ರೆಂಬೆ ಮುರಿದಿದ್ದರೆ ಒಂದು ಲೆಕ್ಕ. ದೊಡ್ಡ ಕೊಂಬೆ ಮುರಿದರೆ, ಬುಡ ಕಿತ್ತರೆ, ಕಾಂಡ ಮುರಿದರೆ ಬೇರೆ ಬೇರೆ ಲೆಕ್ಕ. ತೊಗಟೆಯೇ ಸುಲಿದು ಮೋಟು ಉಳಿದಿದ್ದರೆ ಅದು ಕೊನೆಯ ಹಂತ. ಒಂದೊಂದು ಹಂತಕ್ಕೂ ಇಷ್ಟು ವೇಗದ ಗಾಳಿ ಅಂತ ಅಂದಾಜು ಇದೆ. ಟಸ್ಕಲೂಸಾದ ಗಾಳಿ ಗಂಟೆಗೆ ಸುಮಾರು 305 ಕಿ.ಮೀ. ಅಂತ ಗೊತ್ತಾದದ್ದು ಹೀಗೆಯೇ.

ನಮ್ಮ ಗಾಳಿಗೂ ಅದಕ್ಕೂ ಹೋಲಿಕೆ ಇಲ್ಲ. ನಮ್ಮೂರಲ್ಲಿ ದೇವರ ದಯೆಯಿಂದ ಜೀವ ಹೋಗಲಿಲ್ಲ. ಆದರೆ ಹಾನಿಯನ್ನು ನೋಡುವ ಆ ಕ್ರಮ ನನ್ನ ಮನಸ್ಸಿಗೆ ನಾಟಿತು. ಹುಡುಗ ಹೇಳಿದ ಹಾಗೇ ಮಾಡಿದೆ.

ಮನೆಕೆಲಸಕ್ಕೆ ಬರುವವಳು, ಪಕ್ಕದ ಮನೆಯ ಪಿಯುಸಿ ಹುಡುಗ, ನಾನು, ಮೂವರು ಸೇರಿದೆವು. ಒಂದು ಡಬ್ಬಿಯಲ್ಲಿ ಸುಣ್ಣ ಕಲಸಿಕೊಂಡೆವು. ಬಿದ್ದ ಪ್ರತಿ ಮರದ ಬುಡಕ್ಕೆ ಒಂದು ಬೊಟ್ಟು. ನಡುವೆ ಮುರಿದದ್ದಕ್ಕೆ ಎರಡು ಬೊಟ್ಟು. ನಿಂತಿದ್ದರೂ ಸುಳಿ ತಿರುಚಿಕೊಂಡಿದ್ದಕ್ಕೆ ಅಡ್ಡಗೆರೆ. ಹುಡುಗ ಮೊಬೈಲಿನಲ್ಲಿ ಜಾಗ ಬರುವ ಹಾಗೆ ಫೋಟೊ ತೆಗೆದ. ನಾನು ಹಳೇ ಲೆಕ್ಕದ ಪುಸ್ತಕದಲ್ಲಿ ಸಾಲು, ಮರ, ದಿಕ್ಕು ಬರೆದೆ. ನಮ್ಮದು ಎರಡು ಎಕರೆ ಹತ್ತು ಗುಂಟೆ, ಸುಮಾರು 1,200 ಮರ. ಹೋದದ್ದು 212. ಅದರಲ್ಲಿ ಮುರಿದದ್ದು 131, ಬುಡ ಕಿತ್ತದ್ದು 81. ಸುಳಿ ತಿರುಚಿದವು ಇನ್ನೂ 37 ಇವೆ. ಅವು ಉಳಿಯುತ್ತವೋ ಇಲ್ಲವೋ ಮಳೆಗಾಲ ಕಳೆದ ಮೇಲೆ ತಿಳಿಯುತ್ತದೆ.

ಎರಡು ದಿನ ಬಿಟ್ಟು ನಾಡಕಚೇರಿಗೆ ಹೋದೆ. ಅಧಿಕಾರಿ ಒಳ್ಳೆಯ ಹುಡುಗ. ತೋಟಕ್ಕೂ ಬಂದು ನೋಡಿದರು, ಮಹಜರು ಬರೆದರು. ಆಮೇಲೆ ಬೇಜಾರಿನಿಂದಲೇ ಹೇಳಿದರು: "ಅಮ್ಮಾ, ಹಾನಿ ಶೇಕಡಾ 33 ಆಗಿಲ್ಲ. ಪರಿಹಾರ ಬರಲ್ಲ."

212ನ್ನು 1,200ರಿಂದ ಭಾಗಿಸಿದರೆ ಶೇ 18 ಕೂಡ ಆಗುವುದಿಲ್ಲ. ಲೆಕ್ಕ ಸರಿ. ಅವರ ಮೇಲೆ ನನಗೆ ದೂರಿಲ್ಲ. ಆದರೆ ಗಾಳಿ ನಮ್ಮ ಬೇಲಿ ನೋಡಿಕೊಂಡು ಬರಲಿಲ್ಲವಲ್ಲ. ಪಶ್ಚಿಮದ ಗುಡ್ಡದಿಂದ ಇಳಿದು, ಅರವತ್ತು ಮೀಟರ್ ಅಗಲಕ್ಕೆ, ಒಂದು ಕಿಲೋಮೀಟರ್ ಉದ್ದಕ್ಕೆ ಪಟ್ಟಿ ಕೊಯ್ದ ಹಾಗೆ ಹೋಗಿದೆ. ಆ ಪಟ್ಟಿ ಒಂಬತ್ತು ಮನೆಯವರ ತೋಟಗಳನ್ನು ಅಡ್ಡಡ್ಡ ಹಾಯ್ದಿದೆ. ನಮ್ಮ ಸುಣ್ಣದ ಬೊಟ್ಟು ನೋಡಿ ಉಳಿದವರೂ ಎಣಿಸಿದರು. ಒಟ್ಟು 1,140 ಮರ. ಆ ಪಟ್ಟಿಯೊಳಗೆ ನಿಂತು ನೋಡಿದರೆ ಅರ್ಧಕ್ಕೆ ಹತ್ತಿರ ತೋಟವೇ ಇಲ್ಲ. ಆದರೆ ಪಹಣಿ ಪ್ರಕಾರ ಒಂಬತ್ತು ತುಂಡು ಮಾಡಿದಾಗ ಒಬ್ಬೊಬ್ಬರದೂ ಶೇ 10, 15, 20. 33 ದಾಟಿದ್ದು ಒಬ್ಬರದು ಮಾತ್ರ, ಇಪ್ಪತ್ತು ಗುಂಟೆಯವರದು. 1,140 ಮರ ಬಿದ್ದ ಊರಿನಿಂದ ಸರ್ಕಾರದ ಪಟ್ಟಿಗೆ ಹೋದದ್ದು ಒಂದೇ ಹೆಸರು.

ನೆರೆಗೆ, ಬರಕ್ಕೆ ಈ ಲೆಕ್ಕ ಹೊಂದಬಹುದು. ನೆರೆ ಬಂದರೆ ಗದ್ದೆ ಪೂರ್ತಿ ಮುಳುಗುತ್ತದೆ. ಬರ ಊರಿಗೆ ಊರನ್ನೇ ಒಣಗಿಸುತ್ತದೆ. ಗಾಳಿ ಹಾಗಲ್ಲ, ದಾರಿ ಮಾಡಿಕೊಂಡು ಹೋಗುತ್ತದೆ. ಅದರ ಹಾನಿಯನ್ನು ಆ ದಾರಿಯ ಮೇಲೆಯೇ ಎಣಿಸಬೇಕು ಅಲ್ವಾ?

ಇನ್ನು ದರ. ರಾಜ್ಯ ವಿಪತ್ತು ನಿಧಿಗೆ ಕೇಂದ್ರ ಕೊಟ್ಟ 2022-23ರಿಂದ 2025-26ರವರೆಗಿನ ದರಪಟ್ಟಿಯಲ್ಲಿ ಬಹುವಾರ್ಷಿಕ ಬೆಳೆಗೆ ಹೆಕ್ಟೇರಿಗೆ 22,500 ರೂಪಾಯಿ ಇದೆ. ಅದು ನಷ್ಟದ ಬೆಲೆ ಅಲ್ಲ, ಮತ್ತೆ ಬೆಳೆಯಲು ಸಹಾಯಧನ. ಅದು ಗೊತ್ತು. ಆದರೂ ಒಮ್ಮೆ ಲೆಕ್ಕ ಹಾಕಿ ನೋಡಿ. ಒಂಬತ್ತು ಅಡಿಗೆ ಒಂದರಂತೆ ಹೆಕ್ಟೇರಿಗೆ ಸುಮಾರು 1,330 ಅಡಿಕೆ ಮರ ಹಿಡಿಯುತ್ತವೆ. ಅಂದರೆ ಮರಕ್ಕೆ 17 ರೂಪಾಯಿ. ಒಂದು ಅಡಿಕೆ ಸಸಿಯೇ ನಮಗೆ ಅದಕ್ಕಿಂತ ಜಾಸ್ತಿಗೆ ಸಿಗುತ್ತದೆ. ಗುಂಡಿ ತೆಗೆಯುವ ಕೂಲಿ ಬೇರೆ, ಗೊಬ್ಬರ ಬೇರೆ. ಹೊಸ ಸಸಿ ಫಲ ಕಾಣಲು ಐದಾರು ವರ್ಷ ಬೇಕು. ಪೂರ್ತಿ ಫಸಲಿಗೆ ಬರಲು ಹತ್ತು ವರ್ಷವಾದರೂ ಬೇಕು. ನಾನು ಇವತ್ತು ಹಾಕಿದ್ದು ಪೂರ್ತಿ ಫಸಲಿಗೆ ಬರುವಾಗ ನನಗೆ ಎಪ್ಪತ್ತೆರಡು. ನಮ್ಮ ತೋಟ ಎಕರೆಗೆ ಎಂಟು ಕ್ವಿಂಟಲ್ ಕೊಡುತ್ತಿತ್ತು. 212 ಮರ ಅಂದರೆ ವರ್ಷಕ್ಕೆ ಮೂರು ಕ್ವಿಂಟಲ್ ಮೇಲೆ ಅಡಿಕೆ. ಆ ಮರಗಳಿಗೆ ಹಬ್ಬಿದ್ದ ಮೆಣಸಿನ ಲೆಕ್ಕ ನಾನಿನ್ನೂ ಹಾಕಿಲ್ಲ.

ಹವಾಮಾನ ಆಧಾರಿತ ವಿಮೆ ಕಟ್ಟಿಲ್ಲವಾ ಅಂತ ಕೇಳುವವರಿದ್ದಾರೆ. ಕಟ್ಟಿದ್ದೇನೆ. ಆ ವಿಮೆ ನೋಡುವುದು ಪಂಚಾಯಿತಿಯ ಮಾಪಕ ಏನು ಹೇಳಿತು ಅನ್ನುವುದನ್ನು. ನನ್ನ ತೋಟದಲ್ಲಿ ಮರ ಬಿದ್ದಿದೆಯಾ ಅಂತ ಅದು ನೋಡುವುದಿಲ್ಲ.

ಇದರ ಮೇಲೆ ಇನ್ನೊಂದು ತೊಡಕು. ಅದೇ 2025-26ರವರೆಗಿನ ಕೇಂದ್ರದ ಪಟ್ಟಿಯಲ್ಲಿದ್ದ ವಿಪತ್ತು ಹನ್ನೆರಡು: ಚಂಡಮಾರುತ, ಬರ, ಭೂಕಂಪ, ಬೆಂಕಿ, ಪ್ರವಾಹ, ಸುನಾಮಿ, ಆಲಿಕಲ್ಲು, ಭೂಕುಸಿತ, ಹಿಮಕುಸಿತ, ಮೇಘಸ್ಫೋಟ, ಕೀಟಬಾಧೆ, ಶೀತಗಾಳಿ. ಬರೀ ಗಾಳಿ ಅಂತ ಅದರಲ್ಲಿ ಇಲ್ಲ. ಆದರೆ ರಾಜ್ಯ ಸರ್ಕಾರ ತನ್ನ ಕಡೆಯ ಸ್ಥಳೀಯ ವಿಪತ್ತು ಅಂತ ಗುರುತಿಸಿ ಆ ನಿಧಿಯ ಶೇ 10ರವರೆಗೆ ಖರ್ಚು ಮಾಡಬಹುದು ಅಂತಲೂ ಅದೇ ನಿಯಮದಲ್ಲಿದೆ. ಮಲೆನಾಡಿನಲ್ಲಿ ಮೇ ತಿಂಗಳ ಗಾಳಿ, ಆಷಾಢದ ಗಾಳಿ ಯಾವ ವರ್ಷ ಬಂದಿಲ್ಲ? ನಮ್ಮ ಶಾಸಕರು, ಸಂಸದರು ಕೂತು ಕೇಳಬೇಕಾದ್ದು ಇದನ್ನು. ಗಾಳಿಗೆ ಬೀಳುವ ತೋಟವನ್ನು ಹೆಸರಿಟ್ಟು ಸೇರಿಸಿ. ಮರದ ಲೆಕ್ಕದಲ್ಲಿ ಸೇರಿಸಿ.

ನನ್ನ ಮರ ನೂರಾರು ಹೋದವು ಅಂತ ಇಷ್ಟು ಹೇಳುತ್ತಿದ್ದೇನೆ. ನನಗಿಂತ ದೊಡ್ಡ ಪೆಟ್ಟು ತಿಂದವರು ಗುಡ್ಡದ ಬುಡದಲ್ಲಿದ್ದಾರೆ. ನನ್ನ ಜೊತೆ ಸುಣ್ಣದ ಬೊಟ್ಟು ಇಟ್ಟವಳ ಮನೆಯೇ ಅದು. ಶೀಟು ಹೊದಿಸಿದ ಎರಡು ಅಂಕಣದ ಮನೆ. ಒಂದು ಕಡೆಯ ಆರು ಶೀಟೂ ಹೋಗಿವೆ. ಒಂದು ಶೀಟು ಹಲಸಿನ ಮರದ ಕವಲಿನಲ್ಲಿ ಮಡಚಿ ಸಿಕ್ಕಿಕೊಂಡಿತ್ತು. ಅವಳ ಹತ್ತು ವರ್ಷದ ಮಗಳಿಗೆ ರೀಪು ಬಿದ್ದು ಭುಜಕ್ಕೆ ಏಳು ಹೊಲಿಗೆ ಹಾಕಿದ್ದಾರೆ. ಗುಡ್ಡಗಾಡಿನಲ್ಲಿ ಮನೆ ಪೂರ್ತಿ ಬಿದ್ದರೆ 1.30 ಲಕ್ಷ, ಪಕ್ಕಾ ಮನೆಗೆ ಭಾಗಶಃ ಹಾನಿಯಾದರೆ 6,500, ಕಚ್ಚಾ ಮನೆಗಾದರೆ 4,000 ಅಂತ ಅದೇ ದರಪಟ್ಟಿಯಲ್ಲಿದೆ. ಆದರೆ ಅದು ಅಧಿಕೃತ ಮನೆ ಆಗಿರಬೇಕು. ಅವರಿರುವುದು ಸೊಪ್ಪಿನಬೆಟ್ಟದ, ಅಂದರೆ ತೋಟಕ್ಕೆ ಸೊಪ್ಪು ತರುವ ಸರ್ಕಾರಿ ಕಾಡಿನ ಅಂಚು. ಮೂವತ್ತು ವರ್ಷದಿಂದ ಅಲ್ಲೇ ಇದ್ದಾರೆ, ಹಕ್ಕುಪತ್ರ ಇಲ್ಲ. ಅವಳ ಹೆಸರು ಯಾವ ಪಟ್ಟಿಗೂ ಹೋಗಲಿಲ್ಲ. ಕಾಗದ ನೋಡಿ ಹಣ ಕೊಡುವುದು ಬೇರೆ ವಿಷಯ, ಅದರ ಜಗಳ ದೊಡ್ಡದು. ಹಾನಿಯಾಗಿದೆ ಅಂತ ಬರೆದುಕೊಳ್ಳಲಿಕ್ಕಾದರೂ ಕಾಗದ ಯಾಕೆ ಬೇಕು? ಅಮೆರಿಕದಲ್ಲೂ ಸುಂಟರಗಾಳಿಗೆ ಸಾಯುವವರಲ್ಲಿ ಪಾಯವಿಲ್ಲದ, ತಗಡಿನ ಡಬ್ಬಿಯಂಥ ಹಗುರ ಮನೆಗಳಲ್ಲಿ ಇರುವವರ ಪಾಲು ಬಹಳ ದೊಡ್ಡದು. ಅದು ಅವರಿಗೆ ತಿಳಿದದ್ದು ಸತ್ತವರು ಎಂಥ ಮನೆಯಲ್ಲಿದ್ದರು ಅಂತ ಪ್ರತಿ ಸಲ ಬರೆದಿಟ್ಟದ್ದಕ್ಕೆ.

ಬರೆದಿಟ್ಟರೆ ಮುಂದೆ ಕಟ್ಟುವಾಗ ಉಪಯೋಗಕ್ಕೆ ಬರುತ್ತದೆ. ಓಕ್ಲಹೋಮಾ ರಾಜ್ಯದ ಮೂರ್ ಊರಿನಲ್ಲಿ 2013ರ ಮೇ 20ರಂದು ಸುಂಟರಗಾಳಿಗೆ 24 ಜನ ಸತ್ತರು. ಅದರಲ್ಲಿ ಏಳು ಮಕ್ಕಳು ಒಂದೇ ಶಾಲೆಯವರು. ಮರು ವರ್ಷವೇ ಆ ಊರು ಮನೆ ಕಟ್ಟುವ ನಿಯಮ ಬದಲಾಯಿಸಿತು. ಗಂಟೆಗೆ 135 ಮೈಲಿ, ಅಂದರೆ ಸುಮಾರು 217 ಕಿ.ಮೀ. ಗಾಳಿ ತಡೆಯುವಂತೆ ಹೊಸ ಮನೆ ಇರಬೇಕು ಅಂತ. ನಮ್ಮಲ್ಲಿ ಅಷ್ಟು ಬೇಡ. ನಮ್ಮ ಅಡಿಕೆ ಸುಲಿಯುವ ಶೆಡ್ಡಿನ ಮಾಡನ್ನು ನಾನೇ ಏಣಿ ಹಾಕಿಸಿ ನೋಡಿದೆ. ಹಾರಿಹೋದ ಶೀಟುಗಳ ಕೊಕ್ಕೆಯೆಲ್ಲಾ ತುಕ್ಕು ಹಿಡಿದು ಬಳೆಯ ಚೂರಿನಂತಾಗಿತ್ತು. ಕಳೆದ ವರ್ಷ ಹೊಸ ಕೊಕ್ಕೆ ಹಾಕಿಸಿದ ಎರಡು ಸಾಲಿನಲ್ಲಿ ಒಂದು ಶೀಟೂ ಕದಲಿಲ್ಲ. ಅದೇ ಗಾಳಿ, ಅದೇ ಮಾಡು. ಒಂದು ಡಬ್ಬಿ ಕೊಕ್ಕೆಯ ವಿಷಯ. ಭುಜಕ್ಕೆ ಹೊಲಿಗೆ ಬಿದ್ದ ಆ ಹುಡುಗಿಯ ಮನೆಗೆ ಈಗ ಶೀಟು ಹೊದಿಸುವಾಗ ನಾವು ಮೊದಲು ತಂದದ್ದು ಹೊಸ ಕೊಕ್ಕೆ.

ಮರ ಬಿದ್ದ ದಿಕ್ಕು ಯಾಕೆ ಬರೆಯಬೇಕು ಅಂತ ನಾನೂ ಕೇಳಿದ್ದೆ. ಅದಕ್ಕೆ ತಂಗಿಯ ಮಗ ಹೇಳಿದ ಕಥೆ ನನಗೆ ನಿದ್ದೆ ಬರಲು ಬಿಡಲಿಲ್ಲ. ಆ ಫುಜಿತಾ ಜಪಾನಿನವರು. 1945ರಲ್ಲಿ ಬಾಂಬು ಬಿದ್ದ ಮೇಲೆ ಹಿರೋಶಿಮಾ, ನಾಗಸಾಕಿಗೆ ಹೋಗಿ ಹಾನಿ ಪರಿಶೀಲಿಸಿದವರು. ಅಲ್ಲಿ ಮರಗಳು ಒಂದು ನಡುವಿನಿಂದ ಸುತ್ತಲೂ ಹೊರಗೆ ಮುಖ ಮಾಡಿ ಬಿದ್ದಿದ್ದನ್ನು ಕಂಡಿದ್ದರು. ಎಷ್ಟೋ ವರ್ಷದ ಮೇಲೆ, 1974ರ ಏಪ್ರಿಲ್ 3 ಮತ್ತು 4ರಂದು ಅಮೆರಿಕದಲ್ಲಿ 148 ಸುಂಟರಗಾಳಿ ಎದ್ದು 300ಕ್ಕೂ ಹೆಚ್ಚು ಜನ ಸತ್ತಾಗ, ಅವರು ಸಣ್ಣ ವಿಮಾನದಲ್ಲಿ ಸುತ್ತಿ ಫೋಟೊ ತೆಗೆದರು. ಕೆಲವು ಕಡೆ ಕಾಡಿನ ಮರಗಳು ಸುಳಿಯಾಗಿ ಬಿದ್ದಿರಲಿಲ್ಲ. ನಾಗಸಾಕಿಯ ಹಾಗೇ ನಕ್ಷತ್ರದಂತೆ ಹೊರಗೆ ಚೆಲ್ಲಿದ್ದವು. ಇದು ಸುಂಟರಗಾಳಿ ಅಲ್ಲ, ಮೋಡದಿಂದ ಕೆಳಗೆ ಧುಮುಕಿ ನೆಲಕ್ಕೆ ಬಡಿದು ಹರಡುವ ಗಾಳಿ ಅಂತ ಅವರು ಹೇಳಿದರು. ಮೊದಮೊದಲು ಎಷ್ಟೋ ಜನ ಒಪ್ಪಲಿಲ್ಲ. ಆಮೇಲೆ ಅದು ನಿಜ ಅಂತ ಗೊತ್ತಾಯಿತು. ಇಳಿಯುವ ವಿಮಾನಗಳನ್ನು ಕೆಡವುತ್ತಿದ್ದದ್ದು ಇಂಥ ಗಾಳಿಯೇ ಅಂತಲೂ ತಿಳಿಯಿತು. ವಿಮಾನ ನಿಲ್ದಾಣಗಳಲ್ಲಿ ಎಚ್ಚರಿಕೆ ಕೊಡುವ ವ್ಯವಸ್ಥೆ ಬಂತು. ಬಿದ್ದ ಮರವನ್ನು ಕಣ್ಣಿಟ್ಟು ನೋಡಿದ್ದಕ್ಕೆ ಎಷ್ಟು ಜೀವ ಉಳಿದವು!

ನಮ್ಮ ಹತ್ತಿರದ್ದೇ ಇನ್ನೊಂದು. 2019ರ ಮಾರ್ಚ್ 31ರಂದು ನೇಪಾಳದ ಬಾರಾ, ಪರ್ಸಾ ಜಿಲ್ಲೆಗಳಲ್ಲಿ ಗಾಳಿ ಹೊಡೆದು ಇಪ್ಪತ್ತೈದಕ್ಕೂ ಹೆಚ್ಚು ಜನ ಸತ್ತರು. ಮೊದಲು ಬಿರುಗಾಳಿ ಅಂದರು. ಸ್ಥಳಕ್ಕೆ ಹೋಗಿ ನೋಡಿ, ಉಪಗ್ರಹದ ಚಿತ್ರದಲ್ಲಿ ನೆಲದ ಮೇಲಿನ ಗೀರು ಹುಡುಕಿದ ಮೇಲೆ ಅದು ಸುಂಟರಗಾಳಿ ಅಂತ ಖಚಿತವಾಯಿತು. ಆ ದೇಶದಲ್ಲಿ ದಾಖಲಾದ ಮೊದಲನೆಯದು.

ನನ್ನ ಪುಸ್ತಕದಲ್ಲಿ 212ರಲ್ಲಿ ನೂರ ಎಂಬತ್ತರ ಮೇಲೆ ಮರಗಳು ಈಶಾನ್ಯಕ್ಕೆ ತಲೆ ಮಾಡಿ ಬಿದ್ದಿವೆ. ಕೆಳಗಿನ ಮೂಲೆಯಲ್ಲಿ, ಕೆರೆ ಏರಿಯ ಹತ್ತಿರ ಮಾತ್ರ ಸುಮಾರು ಇಪ್ಪತ್ತೈದು ಮರ ಒಂದರ ಮೇಲೊಂದು ಅಡ್ಡಾದಿಡ್ಡಿ. ಅಲ್ಲಿ ಏನಾಗಿತ್ತೋ ತಿಳಿದವರು ಹೇಳಬೇಕು. ನಮ್ಮ ರಾಜ್ಯದಲ್ಲಿ ಹೋಬಳಿಗೊಂದು ಹವಾಮಾನ ಕೇಂದ್ರ ಇದೆ, ಅದು ಗಾಳಿಯ ವೇಗವನ್ನೂ ಅಳೆಯುತ್ತದೆ. ಆ ದಿನದ ಅಂಕಿಯನ್ನೂ ನಮ್ಮ ಬಿದ್ದ ಮರದ ಲೆಕ್ಕವನ್ನೂ ಪಕ್ಕಪಕ್ಕ ಇಟ್ಟು ನೋಡುವವರು ಬೇಕು. ಶಿವಮೊಗ್ಗದಲ್ಲೇ ಕೃಷಿ ವಿಶ್ವವಿದ್ಯಾಲಯ ಇದೆ. ಅಡಿಕೆ ಮರ ಎಷ್ಟು ಗಾಳಿಗೆ ಬಾಗುತ್ತದೆ, ಎಷ್ಟಕ್ಕೆ ಮುರಿಯುತ್ತದೆ, ಎಷ್ಟಕ್ಕೆ ಬುಡ ಕೀಳುತ್ತದೆ ಅಂತ ನಮ್ಮದೇ ಒಂದು ಪಟ್ಟಿ ಮಾಡಲು ಮಲೆನಾಡಿಗಿಂತ ಒಳ್ಳೆಯ ಜಾಗ ಎಲ್ಲಿದೆ?

ಇದಕ್ಕೆ ಹೊಸ ಇಲಾಖೆ ಬೇಡ. 2020ರಿಂದ ರೈತರೇ ತಮ್ಮ ಬೆಳೆಯ ಫೋಟೊ ಹಾಕುವ ಬೆಳೆ ಸಮೀಕ್ಷೆ ಆ್ಯಪ್ ಇದೆ. ನಾನೂ ಪಕ್ಕದ ಮನೆ ಹುಡುಗನ ಕೈಲಿ ಹಾಕಿಸಿದ್ದೇನೆ. ಅದರಲ್ಲೇ ಹಾನಿಗೆ ಒಂದು ಜಾಗ ಮಾಡಿಕೊಡಿ. ಎಷ್ಟು ಮರ, ಮುರಿದದ್ದೋ ಬುಡ ಕಿತ್ತದ್ದೋ, ಯಾವ ದಿಕ್ಕು, ಅಷ್ಟೇ ಸಾಕು. ಅಂಥ ಫೋಟೊ ಇದ್ದರೆ ಅಧಿಕಾರಿ ಬರುವವರೆಗೆ ಕಾಯದೆ ತೋಟ ಸ್ವಚ್ಛ ಮಾಡಿಕೊಳ್ಳಬಹುದು ಅಂತಲೂ ಹೇಳಿಬಿಡಿ. ಮೇ ಕೊನೆಗೆ ಬಸಿಗಾಲುವೆ ಬಿಡಿಸದಿದ್ದರೆ ಜೂನ್‌ನಲ್ಲಿ ನೀರು ನಿಂತು ಉಳಿದ ಮರವೂ ಕೆಡುತ್ತದೆ. ಕೊಳೆರೋಗಕ್ಕೆ ಔಷಧಿ ಹೊಡೆಯುವ ಹೊತ್ತೂ ಅದೇ. ಪರಿಹಾರದ ಆಸೆಗೆ ಬಿದ್ದ ಮರ ಹಾಗೇ ಬಿಟ್ಟುಕೊಂಡು ಕಾದವರನ್ನು ಹಿಂದೆ ನೋಡಿದ್ದೇನೆ. ಎರಡೂ ಕಳೆದುಕೊಂಡರು.

ಒಂದು ಸಲ ನೋಡಿದರೆ ಸಾಲದು ಅಂತಲೂ ಹೇಳಬೇಕು. ಮರ ಬಿದ್ದ ಜಾಗದಿಂದ ಈಗ ಪಡುವಣ ಬಿಸಿಲು ನೇರ ಒಳಗೆ ಬೀಳುತ್ತದೆ. ಇಷ್ಟು ವರ್ಷ ನೆರಳಲ್ಲಿದ್ದ ಕಾಂಡಕ್ಕೆ ಬಿಸಿಲು ಬಡಿದರೆ ಅದು ಮೊದಲು ಹಳದಿಯಾಗಿ, ಆಮೇಲೆ ಸೀಳು ಬಿಟ್ಟು, ಎರಡು ಮೂರು ವರ್ಷದಲ್ಲಿ ಸಣ್ಣ ಗಾಳಿಗೂ ಮುರಿಯುತ್ತದೆ. ಅದಕ್ಕೇ ಮಳೆ ಮುಗಿದ ಕೂಡಲೇ ಅಂಚಿನ ಮರಗಳಿಗೆ ಸೋಗೆ ಕಟ್ಟಿಸಬೇಕು, ಇಲ್ಲವೇ ಸುಣ್ಣ ಬಳಿಸಬೇಕು. ಮರ ಹತ್ತಿ ಅಡಿಕೆ ಗೊನೆ ತೆಗೆಯುವವರಿಗೂ ಕಷ್ಟ. ಒಂದು ಮರದಿಂದ ಇನ್ನೊಂದಕ್ಕೆ ಬಾಗಿ ಹಿಡಿದು ದಾಟುತ್ತಿದ್ದವರು ಈಗ ಪ್ರತಿ ಮರಕ್ಕೂ ಇಳಿದು ಹತ್ತಬೇಕು. ಮುಂದಿನ ವರ್ಷ, ಅದರ ಮುಂದಿನ ವರ್ಷ ಒಮ್ಮೆ ಬಂದು ಎಣಿಸಿದರೆ 212 ಎಷ್ಟಾಗಿದೆ ಅಂತ ಗೊತ್ತಾಗುತ್ತದೆ.

ಪುಸ್ತಕದ ಒಂದು ಪ್ರತಿ ಮತ್ತು ಫೋಟೊಗಳನ್ನು ನಾಡಕಚೇರಿಗೆ ಕೊಟ್ಟಿದ್ದೇನೆ. ಉಳಿದ ಎಂಟು ಮನೆಯವರದೂ ಜೊತೆಗಿದೆ. ಮಳೆಯ ಅಬ್ಬರ ಇಳಿದ ಮೇಲೆ, ಸೆಪ್ಟೆಂಬರ್‌ನಲ್ಲಿ ಸಸಿ ಹಾಕಿಸುತ್ತೇನೆ. ಅಲ್ಲಿಯವರೆಗೆ ಬುಡಗಳನ್ನು ಕೀಳಿಸುವುದಿಲ್ಲ. ಸುಣ್ಣದ ಬೊಟ್ಟು ಮಳೆಗೆ ತೊಳೆದುಹೋದರೆ ಮತ್ತೆ ಇಡುತ್ತೇವೆ. ನೋಡಬೇಕು ಅನ್ನುವ ಅಧಿಕಾರಿಗಳು, ವಿಜ್ಞಾನಿಗಳು, ವಿದ್ಯಾರ್ಥಿಗಳು ಅಷ್ಟರೊಳಗೆ ಬರಲಿ. ತೋಟದ ದಣಪೆ ತೆಗೆದೇ ಇರುತ್ತದೆ.

ಇಂತಿ,
ಒಬ್ಬ ಅಡಿಕೆ ಬೆಳೆಗಾರ್ತಿ
ಮಂಡಗದ್ದೆ ಹೋಬಳಿ, ತೀರ್ಥಹಳ್ಳಿ ತಾಲ್ಲೂಕು